ವಿದೇಶದ ಶಾಲೆಯಲ್ಲಿ ಶಿಕ್ಷಕರಿಗೆ ನೆರವಾಗಲು ಹೋಗುವ ಸ್ವಯಂಸೇವಕರು ಮೊದಲು ಏನು ಮಾಡಬೇಕು?

ಪಾಠ ಮಾಡಲು ಅವಸರಪಡಬೇಡಿ. ನೀವು ಹೋಗುತ್ತಿರುವುದು ಶಿಕ್ಷಕರ ಬೆನ್ನಿಗೆ ನಿಲ್ಲಲು, ಅವರ ಜಾಗವನ್ನು ತುಂಬಲು ಅಲ್ಲ. ಮೊದಲ ಕೆಲವು ವಾರ ಹಿಂದಿನ ಬೆಂಚಿನಲ್ಲಿ ಕುಳಿತು ಗಮನಿಸಿ: ಮಕ್ಕಳ ಮನೆಮಾತು ಯಾವುದು, ಪಠ್ಯಪುಸ್ತಕ ಯಾವ ಭಾಷೆಯಲ್ಲಿದೆ, ಒಂದು ಪುಸ್ತಕವನ್ನು ಎಷ್ಟು ಮಕ್ಕಳು ಹಂಚಿಕೊಳ್ಳುತ್ತಾರೆ, ವಾರ್ಷಿಕ ಪರೀಕ್ಷೆ ಏನನ್ನು ಕೇಳುತ್ತದೆ. ಇದಾವುದನ್ನೂ ತಿಳಿಯದೆ ‘ಚಟುವಟಿಕೆ ಆಧಾರಿತ ಕಲಿಕೆ’ಯ ಬಗ್ಗೆ ಉಪದೇಶಿಸಿದರೆ, ಅರವತ್ತು ಮಕ್ಕಳನ್ನು ಒಬ್ಬರೇ ಸಂಭಾಳಿಸುವ ಶಿಕ್ಷಕಿ ನಗುತ್ತಲೇ ಕೇಳಿ ಮರೆತುಬಿಡುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ನಿಮಗೆ ಕಂಡ ಕೊರತೆಯನ್ನು ಮಕ್ಕಳೆದುರು ಆಡಬೇಡಿ. ಮುಖ್ಯೋಪಾಧ್ಯಾಯರಿಗೆ ವರದಿ ಒಪ್ಪಿಸುವವರೂ ಆಗಬೇಡಿ. ಶಿಕ್ಷಕರಿಗೇ ಕಷ್ಟವೆನಿಸುವ ಒಂದು ಪಾಠವನ್ನು ಕೇಳಿ ತಿಳಿದು, ಜೊತೆಯಾಗಿ ಯೋಜಿಸಿ. ಕಲಿಸುವುದು ಅವರೇ. ಬೋಧನೋಪಕರಣಗಳು ಅಲ್ಲೇ ಸಿಗುವ ರಟ್ಟು, ಕಾಳು, ಕಡ್ಡಿಗಳಿಂದಾಗಲಿ. ನೀವು ಹೊತ್ತು ತಂದ ಸಾಮಗ್ರಿ ನಿಮ್ಮೊಂದಿಗೇ ಮುಗಿಯುತ್ತದೆ.

1961ರಲ್ಲಿ ಆರಂಭವಾದ ಅಮೆರಿಕದ ಸರ್ಕಾರಿ ಸ್ವಯಂಸೇವಾ ಸಂಸ್ಥೆ ಪೀಸ್ ಕೋರ್, ತನ್ನ ಸ್ವಯಂಸೇವಕರಿಗೆ ಸಾಮಾನ್ಯವಾಗಿ ಎರಡು ವರ್ಷದ ಸೇವೆಗೆ ಮೊದಲು ಆಯಾ ದೇಶದಲ್ಲೇ ಸುಮಾರು ಮೂರು ತಿಂಗಳು ಭಾಷೆ ಮತ್ತು ಕೆಲಸದ ತರಬೇತಿ ಕೊಡುತ್ತದೆ. ಆ ಲೆಕ್ಕದಲ್ಲಿ, ಹಣ ಪಡೆದು ಎರಡೇ ವಾರ ‘ಬೋಧಿಸಲು’ ಕರೆದೊಯ್ಯುವ ಕಾರ್ಯಕ್ರಮಗಳನ್ನು ನಾನು ಪ್ರವಾಸವೆಂದೇ ಕರೆಯುತ್ತೇನೆ.

ಇನ್ನು ಕಾಗದಪತ್ರ. ಸಂಬಳವಿಲ್ಲದ ಕೆಲಸವಾದರೂ ಅನೇಕ ದೇಶಗಳಲ್ಲಿ ಪ್ರವಾಸಿ ವೀಸಾ ಸಾಲದು. ರಾಯಭಾರ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಮಕ್ಕಳ ನಡುವಿನ ಕೆಲಸವಾದ್ದರಿಂದ ಪೊಲೀಸ್ ಪರಿಶೀಲನಾ ಪ್ರಮಾಣಪತ್ರವನ್ನೂ ಸಿದ್ಧವಾಗಿಟ್ಟುಕೊಳ್ಳಿ. ಅದನ್ನು ಕೇಳದ ಸಂಸ್ಥೆಯ ಬಗ್ಗೆ ಎರಡು ಬಾರಿ ಯೋಚಿಸಿ.