ಮನಸ್ಸು ಗಟ್ಟಿ ಮಾಡಿಕೊಳ್ಳಬೇಡಿ, ಡಾಕ್ಟರಿಗೆ ಹೇಳಿ

ಪ್ರಿಗ್ಯಾಬಲಿನ್‌ನಿಂದ ನರದ ನೋವು ಇಳಿದಿದೆ, ಆದರೆ ಸುಮ್ಸುಮ್ನೆ ಅಳು ಬರುತ್ತೆ, ಮನಸ್ಸು ಗಟ್ಟಿ ಮಾಡಿಕೊಳ್ಳೋದು ಹೇಗೆ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಇಟ್ಟುಕೊಂಡು ನಾನು ನಾಲ್ಕು ತಿಂಗಳು ಹಾಳು ಮಾಡಿಕೊಂಡೆ.

ನನಗೆ ಸರ್ಪಸುತ್ತು ವಾಸಿಯಾದ ಮೇಲೂ ಪಕ್ಕೆಯಲ್ಲಿ ಉರಿ ಉಳಿದಿತ್ತು. ಬಟ್ಟೆ ತಾಗಿದರೂ ಕೆಂಡ ಇಟ್ಟ ಹಾಗೆ. ಪ್ರಿಗ್ಯಾಬಲಿನ್ 75 ಮಿಲಿಗ್ರಾಂ ದಿನಕ್ಕೆರಡು ಸಲ ಕೊಟ್ಟರು. ಎರಡು ವಾರದಲ್ಲಿ ಅಂಗಿ ಹಾಕಿಕೊಳ್ಳುವಂತಾಯ್ತು. ಆದರೆ ಅರ್ಧ ಗುಂಡಿ ಹಾಕಿ ಮಂಚದ ತುದಿಯಲ್ಲಿ ಕೂತುಬಿಡುತ್ತಿದ್ದೆ. ನೋವಿರಲಿಲ್ಲ. ಉಳಿದ ಗುಂಡಿ ಹಾಕಲು ಮನಸ್ಸೇ ಇರಲಿಲ್ಲ.

ನಾನು ಮಾಡಿದ ತಪ್ಪು ಇದು. ಡಾಕ್ಟರ್ "ಹೇಗಿದೆ?" ಅಂದಾಗ "ಉರಿ ಅರ್ಧ ಇಳಿದಿದೆ" ಅಂದೆ, ಅಷ್ಟೇ. ಅವರು ನರದ ಡಾಕ್ಟರ್, ಅಳುವಿನ ವಿಷಯ ಅವರಿಗ್ಯಾಕೆ ಅಂದುಕೊಂಡೆ. ಇಷ್ಟು ದಿನ ನೋವು ತಿಂದವನಿಗೆ ಬೇಜಾರು ಸಹಜ ಅಲ್ವಾ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಾತ್ರೆ ನಿಲ್ಲಿಸಿಬಿಟ್ಟರೆ ಅನ್ನುವ ಭಯವೂ ಇತ್ತು. ನಾನು ಹೇಳಿದ್ದು ಉರಿಯ ಮಾತು ಮಾತ್ರ, ಹಾಗಾಗಿ ಅವರು ಒಂದು ಸಲದ ಡೋಸ್ 75ರಿಂದ 150ಕ್ಕೆ ಏರಿಸಿದರು. ಆಮೇಲೆ, ನಾನಿಲ್ಲದಿದ್ದರೆ ಮನೆಯವರಿಗೆ ಆರಾಮ ಅನ್ನುವ ಯೋಚನೆ ದಿನಾ ಬರತೊಡಗಿತು. ಹೆಂಡತಿ ಗಮನಿಸಿ ಡಾಕ್ಟರ್ ಹತ್ತಿರ ಎಳೆದುಕೊಂಡು ಹೋದಳು.

ಇದು ನಿಮ್ಮ ಮನಸ್ಸಿನ ದುರ್ಬಲತೆ ಅಂದುಕೊಳ್ಳಬೇಡಿ. 2008ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಫಿಟ್ಸ್ ಔಷಧಿಗಳ ಗುಂಪಿಗೇ ಆತ್ಮಹತ್ಯೆಯ ಯೋಚನೆಯ ಎಚ್ಚರಿಕೆ ಹಾಕಿಸಿತು. ನರದ ನೋವಿಗೂ ಕೊಡುವ ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಎರಡೂ ಆ ಗುಂಪಿನಲ್ಲಿವೆ. ಅವರ ಲೆಕ್ಕದಲ್ಲಿ, ಈ ಔಷಧಿ ತಗೊಳ್ಳುವ ಸುಮಾರು 530 ಜನರಲ್ಲಿ, ತಗೊಳ್ಳದವರಿಗಿಂತ ಒಬ್ಬರಿಗೆ ಹೆಚ್ಚಾಗಿ ಇಂಥ ಯೋಚನೆ ಅಥವಾ ವರ್ತನೆ ಕಾಣುತ್ತೆ. ತುಂಬಾ ಅಪರೂಪ, ಆದರೆ ಆ ಒಬ್ಬರು ನೀವೇ ಆಗಿರಬಹುದು.

ಹಾಗಂತ ಇವತ್ತೇ ಮಾತ್ರೆ ಬಿಡಬೇಡಿ. ಒಮ್ಮೆಲೇ ಬಿಟ್ಟರೆ ನಿದ್ದೆ ಹೋಗುತ್ತೆ, ಬೆವರು, ಗಾಬರಿ ಜಾಸ್ತಿಯಾಗುತ್ತೆ. ನನಗೆ ವಾರವಾರ ಸ್ವಲ್ಪ ಸ್ವಲ್ಪ ಇಳಿಸಿದರು. ಈಗ ಪಕ್ಕೆಗೆ ಚರ್ಮ ಮರಗಟ್ಟಿಸುವ ಲಿಡೊಕೇನ್ ಪಟ್ಟಿ ಅಂಟಿಸಿಕೊಳ್ಳುತ್ತೇನೆ. ಉರಿ ಇನ್ನೂ ಸ್ವಲ್ಪ ಇದೆ, ಆದರೆ ಗುಂಡಿಗಳನ್ನೆಲ್ಲ ಹಾಕಿಕೊಳ್ಳುತ್ತೇನೆ.

ಮಾತ್ರೆ ಶುರುವಾದ ತಾರೀಖು, ಅಳು ಶುರುವಾದ ತಾರೀಖು, ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಡಾಕ್ಟರ್ ಕೈಗೆ ಕೊಡಿ. ಬಾಯಿಬಿಟ್ಟು ಹೇಳೋದು ಕಷ್ಟ ಅಂತ ನನಗೆ ಗೊತ್ತು. ಮುಂದಿನ ಭೇಟಿವರೆಗೆ ಕಾಯಬೇಡಿ, ನಾಳೆಯೇ ಫೋನ್ ಮಾಡಿ. ಸಾಯುವ ಯೋಚನೆ ಬಂದಿದ್ದರೆ ನಾಳೆ ಅಲ್ಲ, ಈಗಲೇ ಮನೆಯಲ್ಲಿ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಡಿ.