ಓದುಗರ ಪ್ರಶ್ನೆ: ಪ್ಲಾಸ್ಮಾ ಸಂಶೋಧನೆಗೆ ಹಣ ಕೊಡುವವರು ಯಾರು?

ಪ್ರಶ್ನೆ: ಮುಂಬಯಿಯಲ್ಲಿ ಭೌತಶಾಸ್ತ್ರದ ಎಂ.ಎಸ್‌ಸಿ. ಓದುತ್ತಿರುವ ನನ್ನ ಮಗಳಿಗೆ ಪ್ಲಾಸ್ಮಾ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುವ ಆಸೆಯಿದೆ. ಗಾಂಧಿನಗರದಲ್ಲಿ ಇದಕ್ಕೆಂದೇ ದೊಡ್ಡ ಸಂಸ್ಥೆ ಇರುವಾಗ ವಿಶ್ವವಿದ್ಯಾನಿಲಯಗಳ ಪ್ಲಾಸ್ಮಾ ಕೇಂದ್ರಗಳಿಗೂ ಸರಕಾರ ಹಣ ಕೊಡಬೇಕೆ? ಕೊಡುವುದಾದರೆ ಆ ಹಣ ಎಲ್ಲಿಂದ ಬರುತ್ತದೆ?
— ಡೊಂಬಿವಲಿಯ ಓದುಗರು

ಉತ್ತರ: ಖಂಡಿತ ಕೊಡಬೇಕು, ಆದರೆ ಈಗ ಕೊಡುತ್ತಿರುವ ಕ್ರಮ ಸಾಲದು ಎಂಬುದು ನನ್ನ ಅಭಿಪ್ರಾಯ. ಪ್ಲಾಸ್ಮಾ ಎಂದರೆ ಎಲೆಕ್ಟ್ರಾನುಗಳೂ ಅಯಾನುಗಳೂ ಬಿಡಿಬಿಡಿಯಾಗಿರುವ, ವಿದ್ಯುತ್ ಹರಿಯಬಲ್ಲ ಅನಿಲ. ನೀವು ಹೇಳುವ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯೂ ಹುಟ್ಟುವಾಗಲೇ ದೊಡ್ಡದಾಗಿರಲಿಲ್ಲ. 1982ರಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದೊಳಗೆ, ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ, ಅದು ಒಂದು ಕಾರ್ಯಕ್ರಮವಾಗಿ ಆರಂಭವಾಯಿತು. 1986ರಲ್ಲಿ ಸ್ವಾಯತ್ತ ಸಂಸ್ಥೆಯಾಯಿತು, 1989ರಲ್ಲಿ ಅಲ್ಲಿ ಬಿಸಿ ಪ್ಲಾಸ್ಮಾವನ್ನು ಕಾಂತಕ್ಷೇತ್ರದಿಂದ ಹಿಡಿದಿಡುವ ಆದಿತ್ಯ ಟೋಕಮಾಕ್ ಎಂಬ ಯಂತ್ರ ಕೆಲಸಕ್ಕೆ ತೊಡಗಿತು, 1996ರಲ್ಲಿ ಸಂಸ್ಥೆ ಪರಮಾಣು ಶಕ್ತಿ ಇಲಾಖೆಯ ಆಡಳಿತಕ್ಕೆ ಬಂತು. ಸೂರ್ಯನಲ್ಲಿ ನಡೆಯುವಂತೆ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಸಮ್ಮಿಲನವನ್ನು ಪರೀಕ್ಷಿಸಲು ಹಲವು ದೇಶಗಳು ಸೇರಿ ಫ್ರಾನ್ಸಿನಲ್ಲಿ ನಿರ್ಮಿಸುತ್ತಿರುವ ಈಟರ್ ಯಂತ್ರದ ಒಪ್ಪಂದಕ್ಕೆ ಭಾರತ 2006ರಲ್ಲಿ ಸಹಿ ಹಾಕಿದ ಮೇಲೆ ನಮ್ಮ ಪಾಲಿನ ಭಾಗಗಳನ್ನು ಒದಗಿಸುವ ಹೊಣೆಯೂ ಅದರ ಹೆಗಲಿಗೇರಿತು. ಇಂಥ ಯೋಜನೆಗೆ ಬೇಕಾಗುವ ಎಂಜಿನಿಯರುಗಳೂ ಭೌತವಿಜ್ಞಾನಿಗಳೂ ಕಲಿತು ಬರಬೇಕಾದದ್ದು ವಿಶ್ವವಿದ್ಯಾನಿಲಯಗಳಿಂದಲೇ. ಅಲ್ಲಿ ಪ್ಲಾಸ್ಮಾವನ್ನು ಕಣ್ಣಾರೆ ಕಾಣದೆ, ಬರಿಯ ಸಮೀಕರಣಗಳನ್ನು ಬಿಡಿಸಿ ಹೊರಬಂದವರಿಗೆ ದೊಡ್ಡ ಸಂಸ್ಥೆ ಮತ್ತೆ ಮೊದಲಿನಿಂದ ಪಾಠ ಹೇಳಬೇಕಾಗುತ್ತದೆ.

ಹಣ ಬರುವುದು ಒಂದೇ ಕಡೆಯಿಂದಲ್ಲ. ಹಿಂದೆ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ ಕೊಡುತ್ತಿದ್ದ ಯೋಜನಾ ಅನುದಾನವನ್ನು ಈಗ 2023ರ ಕಾಯ್ದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ನೋಡಿಕೊಳ್ಳುತ್ತದೆ. ಪರಮಾಣು ಶಕ್ತಿ ಇಲಾಖೆಗೆ ಪರಮಾಣು ವಿಜ್ಞಾನ ಸಂಶೋಧನಾ ಮಂಡಳಿ ಎಂಬ ತನ್ನದೇ ವ್ಯವಸ್ಥೆಯಿದೆ. ಇಲಾಖೆಯ ಆಸಕ್ತಿಗೆ ಹೊಂದುವ ವಿಷಯಗಳಲ್ಲಿ, ಹೆಚ್ಚಾಗಿ ಇಲಾಖೆಯ ವಿಜ್ಞಾನಿಯೊಬ್ಬರ ಜೊತೆಗಾರಿಕೆಯಲ್ಲಿ, ಅದು ವಿಶ್ವವಿದ್ಯಾನಿಲಯಗಳಿಗೆ ಯೋಜನೆಗಳನ್ನು ಮಂಜೂರು ಮಾಡುತ್ತದೆ. ಇಲಾಖೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರವಿರುವ ಟ್ರಾಂಬೆ ಪಕ್ಕದಲ್ಲೇ ಇರುವ ಮುಂಬಯಿಯವರಿಗೆ ಇದೊಂದು ಅನುಕೂಲ. ವಿಭಾಗಕ್ಕೆ ಸಾಮೂಹಿಕವಾಗಿ ಉಪಕರಣ ಕೊಳ್ಳಲು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಫಿಸ್ಟ್ ಯೋಜನೆಯಿದೆ. ರಾಜ್ಯ ಸರಕಾರಗಳು ಈ ಕೆಲಸಕ್ಕೆ ಕೈಹಾಕುವುದು ಅಪರೂಪವಾದರೂ ಉದಾಹರಣೆ ಇಲ್ಲದಿಲ್ಲ: ಗುವಾಹಾಟಿಯ ಸಮೀಪದ ಸೋನಾಪುರದಲ್ಲಿ ಅಸ್ಸಾಂ ಸರಕಾರ 1991ರಲ್ಲಿ ಕಟ್ಟಿದ ಪ್ಲಾಸ್ಮಾ ಭೌತಶಾಸ್ತ್ರ ಕೇಂದ್ರವು 2009ರಲ್ಲಿ ಗಾಂಧಿನಗರದ ಸಂಸ್ಥೆಯಲ್ಲಿ ಸೇರಿತು. ಮಹಾರಾಷ್ಟ್ರದಂಥ ಶ್ರೀಮಂತ ರಾಜ್ಯ ಇದನ್ನು ಗಮನಿಸಬಹುದಿತ್ತು.

ಈ ಅನುದಾನಗಳಲ್ಲಿ ಹೆಚ್ಚಿನವು ಸುಮಾರು ಮೂರು ವರ್ಷದ ಯೋಜನೆಗಳು, ಪ್ರಾಧ್ಯಾಪಕರೊಬ್ಬರ ಹೆಸರಿನಲ್ಲಿ ಬರುವಂಥವು. ಪ್ಲಾಸ್ಮಾ ಪ್ರಯೋಗಾಲಯ ಹೇಗಿರುತ್ತದೆಂದು ನೋಡಿದರೆ ತೊಡಕು ತಾನಾಗಿ ಗೊತ್ತಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಒಂದು ಕೋಷ್ಠ, ಅದರೊಳಗಿನ ಗಾಳಿಯನ್ನು ಹೊರಹಾಕಲು ಮೊದಲು ರೋಟರಿ ಪಂಪು, ಅದರ ಮುಂದೆ ಟರ್ಬೋ ಪಂಪು. ಬಳಿಕ ಸ್ವಲ್ಪವೇ ಆರ್ಗಾನ್ ಬಿಟ್ಟು, 13.56 ಮೆಗಾಹರ್ಟ್ಸ್‌ನ ರೇಡಿಯೋ ಆವರ್ತನದ ಶಕ್ತಿ ಹರಿಸಿದರೆ ಕಿಟಕಿಯ ಗಾಜಿನಾಚೆ ಅನಿಲ ಹೊಳೆಯತೊಡಗುತ್ತದೆ. ಈ ಸಾಮಾನುಗಳನ್ನು ಕೊಳ್ಳಲು ಅನುದಾನ ಸಿಗುತ್ತದೆ. ನಾಲ್ಕನೆಯ ವರ್ಷ ಟರ್ಬೋ ಪಂಪಿನ ಬೇರಿಂಗ್ ಸವೆದಾಗ, ರಬ್ಬರಿನ ಸೀಲು ಬಿರಿದು ಕೋಷ್ಠದಲ್ಲಿ ನಿರ್ವಾತ ನಿಲ್ಲದಿದ್ದಾಗ, ಯಾವ ಶೀರ್ಷಿಕೆಯಡಿ ಖರ್ಚು ಹಾಕಬೇಕೆಂದು ಲೆಕ್ಕಪತ್ರ ವಿಭಾಗಕ್ಕೂ ತಿಳಿಯುವುದಿಲ್ಲ. ಯಂತ್ರದ ಮರ್ಮ ಬಲ್ಲ ತಂತ್ರಜ್ಞ ಯೋಜನೆ ಮುಗಿದ ದಿನವೇ ಬೇರೆ ಕೆಲಸ ಹುಡುಕಿಕೊಂಡು ಹೋಗಿರುತ್ತಾನೆ. ಪ್ರಾಧ್ಯಾಪಕರು ನಿವೃತ್ತರಾದರಂತೂ ಕೋಣೆಗೆ ಬೀಗ. ನಮ್ಮಲ್ಲಿ ಕೇಂದ್ರ ಎಂದು ಬೋರ್ಡು ಹಾಕಿಸಿಕೊಂಡ ಎಷ್ಟೋ ಕಡೆ ನಿಜವಾಗಿ ಇರುವುದು ಒಬ್ಬರ ಯೋಜನೆ ಮಾತ್ರ.

ಅಮೆರಿಕದಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವೂ ಇಂಧನ ಇಲಾಖೆಯೂ 1997ರಿಂದ ಮೂಲ ಪ್ಲಾಸ್ಮಾ ವಿಜ್ಞಾನಕ್ಕಾಗಿ ಜಂಟಿ ಸಹಭಾಗಿತ್ವ ನಡೆಸುತ್ತ ಬಂದಿವೆ. ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಸುಮಾರು 20 ಮೀಟರ್ ಉದ್ದದ ಒಂದು ಪ್ಲಾಸ್ಮಾ ಯಂತ್ರವಿದೆ. ಪ್ರತಿಷ್ಠಾನವೂ ಇಂಧನ ಇಲಾಖೆಯೂ ಸೇರಿ ಅದನ್ನು ಚಾಲೂ ಇಡಲು, ಸಿಬ್ಬಂದಿಯನ್ನು ಸಲಹಲು ಹಣ ಕೊಡುತ್ತವೆ, ಮತ್ತು ಬೇರೆ ವಿಶ್ವವಿದ್ಯಾನಿಲಯದವರು ಅರ್ಜಿ ಹಾಕಿ ಅದರಲ್ಲಿ ಪ್ರಯೋಗದ ಸಮಯ ಪಡೆಯುತ್ತಾರೆ. ಊರಿಗೊಂದು ದೊಡ್ಡ ಯಂತ್ರ ಬೇಕಿಲ್ಲ. ಪುಣೆಯದೋ ಮುಂಬಯಿಯದೋ ಒಂದು ವಿಶ್ವವಿದ್ಯಾನಿಲಯದಲ್ಲಿ ಇಂಥದೊಂದನ್ನು ಇಟ್ಟು, ಕೊಂಕಣದಿಂದ ಕೊಲ್ಹಾಪುರದವರೆಗಿನ ವಿದ್ಯಾರ್ಥಿಗಳಿಗೆ ತೆರೆದಿಟ್ಟರೆ ಸಾಕು.

ನಿಮ್ಮ ಮಗಳ ಮಟ್ಟಿಗೆ: ಆಕೆ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ತನ್ನದೇ ಫೆಲೋಶಿಪ್ ಗಳಿಸಿಕೊಳ್ಳುವುದು ಒಳ್ಳೆಯದು. ಕಿರಿಯ ಸಂಶೋಧಕರ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಯೋಜನೆಯ ಹಣವನ್ನೇ ನೆಚ್ಚಿಕೊಂಡರೆ ಪ್ರಬಂಧ ಮುಗಿಯುವ ಮೊದಲೇ ಯೋಜನೆ ಮುಗಿದುಹೋಗಬಹುದು.

ಪ್ರಶ್ನೆ: ಚಿಂಚವಡದಲ್ಲಿ ನನಗೆ ಗೇರುಗಳನ್ನು ತಯಾರಿಸುವ ಸಣ್ಣ ಕಾರ್ಖಾನೆ ಇದೆ. ಸೂರ್ಯನ ಶಕ್ತಿಯನ್ನು ಭೂಮಿಗಿಳಿಸುವ ಈ ಕನಸಿನಿಂದ ನಮ್ಮಂಥವರಿಗೆ ಏನು ಪ್ರಯೋಜನ?
— ಪುಣೆಯ ಓದುಗರು

ಉತ್ತರ: ಸಮ್ಮಿಲನ ಶಕ್ತಿ ನಿಮ್ಮ ಕಾರ್ಖಾನೆಗೆ ಬರುವುದು ಯಾವಾಗಲೋ, ಪ್ಲಾಸ್ಮಾ ನೈಟ್ರೈಡಿಂಗ್ ಮಾತ್ರ ಇವತ್ತಿನ ಕೆಲಸ. ಗೇರನ್ನೇ ಋಣ ವಿದ್ಯುದ್ವಾರ ಮಾಡಿ, ಕಡಿಮೆ ಒತ್ತಡದ ಸಾರಜನಕ ಮತ್ತು ಜಲಜನಕದ ಮಿಶ್ರಣದಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಂಟೆಗಟ್ಟಲೆ ಇಟ್ಟರೆ ಅದರ ಮೇಲ್ಮೈ ಗಟ್ಟಿಯಾಗುತ್ತದೆ, ಸೈನೈಡ್ ಉಪ್ಪಿನ ದ್ರವದ ಗೊಡವೆ ತಪ್ಪುತ್ತದೆ. ಗಾಂಧಿನಗರದ ಸಂಸ್ಥೆ ಇಂಥ ತಂತ್ರಜ್ಞಾನವನ್ನು ಉದ್ಯಮಗಳಿಗೆ ದಾಟಿಸಲೆಂದೇ 1997ರಲ್ಲಿ ಪ್ರತ್ಯೇಕ ಕೇಂದ್ರವೊಂದನ್ನು ತೆರೆಯಿತು.

ಪ್ರಶ್ನೆ: ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಸಂಶೋಧನೆಗೆಂದು ಸರಕಾರ ಒಂದು ಲಕ್ಷ ಕೋಟಿ ರೂಪಾಯಿ ಎತ್ತಿಟ್ಟಿದೆ ಎಂಬ ಸುದ್ದಿ ಓದಿದೆ. ಅದರಲ್ಲಿ ನಮ್ಮಂಥವರಿಗೆ ಪಾಲು ಸಿಕ್ಕೀತೆ?
— ವಾಸ್ಕೋದ ಓದುಗರು

ಉತ್ತರ: ಸಿಗುವುದಿಲ್ಲವೆಂದೇ ತಿಳಿಯಿರಿ. 2025ರ ಜುಲೈಯಲ್ಲಿ ಕೇಂದ್ರ ಸಂಪುಟ ಒಪ್ಪಿದ ಆ ನಿಧಿಯ ಉದ್ದೇಶ ಖಾಸಗಿ ಉದ್ಯಮಗಳಿಗೆ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ಮತ್ತು ಬಂಡವಾಳ ಒದಗಿಸುವುದು. ಪ್ಲಾಸ್ಮಾದ ಅಲೆಗಳನ್ನು ಅಳೆಯುವ ಅಧ್ಯಾಪಕರು ಸಾಲ ಮಾಡಿ ತೀರಿಸುವುದಾದರೂ ಯಾವುದರಿಂದ? ಅನುಸಂಧಾನ ಪ್ರತಿಷ್ಠಾನದ್ದು ಬೇರೆ ಕಥೆ: 2023ರಿಂದ 2028ರವರೆಗೆ ಅದಕ್ಕೆ ಹೇಳಿರುವ 50,000 ಕೋಟಿಯಲ್ಲಿ ಸರಕಾರದ ಪಾಲು 14,000 ಕೋಟಿ, ಉಳಿದದ್ದು ಉದ್ಯಮ, ದಾನಿ ಮುಂತಾದ ಮೂಲಗಳಿಂದ ಬರಬೇಕೆಂಬ ನಿರೀಕ್ಷೆ. ಲಾಭ ಕಣ್ಣಿಗೆ ಬೀಳದ ಮೂಲ ವಿಜ್ಞಾನಕ್ಕೆ ಉದ್ಯಮಿಗಳು ಕೈಬಿಚ್ಚಿ ಕೊಡುತ್ತಾರೆಂದು ನಾನಂತೂ ನಂಬಿಲ್ಲ. ಆದರೂ ಇದೇ ಪ್ರತಿಷ್ಠಾನದ ಪೇರ್ ಎಂಬ ಯೋಜನೆಯಲ್ಲಿ ಬಲವಾದ ಸಂಸ್ಥೆಯೊಂದು ಹಬ್ ಆಗಿ ನಿಂತು, ರಾಜ್ಯಗಳ ವಿಶ್ವವಿದ್ಯಾನಿಲಯಗಳಂಥವನ್ನು ಜೊತೆಗೆ ಸೇರಿಸಿಕೊಳ್ಳುತ್ತದೆ. ನಿಮ್ಮ ಕಾಲೇಜು ಸೇರಿರುವ ವಿಶ್ವವಿದ್ಯಾನಿಲಯದಲ್ಲಿ ವಿಚಾರಿಸಿ.

ಅರ್ಜಿ ಬರೆಯುವಾಗ ಎರಡು ಮಾತು ನೆನಪಿಡಿ. ದೊಡ್ಡ ಉಪಕರಣದ ಖರೀದಿಯನ್ನು ಮೊದಲ ವರ್ಷವೇ ಮುಗಿಸುವಂತೆ ಯೋಜಿಸಿ. ಮಾರ್ಚ್ 31ರೊಳಗೆ ಖರ್ಚಾಗದ ಹಣ ಹಿಂದಕ್ಕೆ ಹೋಗುವುದೂ, ಬಳಕೆ ಪ್ರಮಾಣಪತ್ರ ತಡವಾದರೆ ಮುಂದಿನ ಕಂತು ನಿಲ್ಲುವುದೂ ಇಲ್ಲಿ ಮಾಮೂಲು. ವೈಜ್ಞಾನಿಕ ಖರೀದಿಯ ನಿಯಮಗಳನ್ನು 2025ರ ಜೂನ್‌ನಲ್ಲಿ ಸರಕಾರ ಸಡಿಲಿಸಿರುವುದರಿಂದ ಸರಕಾರಿ ಖರೀದಿಯ ಜೆಮ್ ಜಾಲತಾಣದಲ್ಲಿ ಸಿಗದ ನಿರ್ವಾತ ಸಲಕರಣೆಯನ್ನು ಹೊರಗೆ ಕೊಳ್ಳುವುದು ಈಗ ಮೊದಲಿನಷ್ಟು ಕಷ್ಟವಲ್ಲ, ಆದರೆ ನಿಮ್ಮ ಸಂಸ್ಥೆಗೆ ಆ ಸಡಿಲಿಕೆ ಅನ್ವಯಿಸುತ್ತದೆಯೇ ಎಂದು ಲೆಕ್ಕಪತ್ರದವರಲ್ಲಿ ಮೊದಲೇ ಕೇಳಿಕೊಳ್ಳಿ. ಇನ್ನೊಂದು, ಪಂಪಿನ ದುರಸ್ತಿಯನ್ನೂ ಬಿಡಿಭಾಗಗಳನ್ನೂ ಇತರೆ ಖರ್ಚು ಎಂಬಲ್ಲಿ ಅಡಗಿಸದೆ, ವರ್ಷವಾರು ಮೊತ್ತದೊಂದಿಗೆ ಬೇರೆ ಸಾಲಿನಲ್ಲಿಯೇ ಬರೆಯಿರಿ. ಪರಿಶೀಲನಾ ಸಮಿತಿ ಅದನ್ನು ಕಡಿತಗೊಳಿಸಲು ಹೊರಟರೆ, ಪಂಪು ನಿಂತರೆ ಪ್ರಯೋಗವೂ ನಿಲ್ಲುತ್ತದೆಂದು ಅಲ್ಲಿಯೇ ವಾದಿಸಿ.