ಮಾದರಿ ರೈಲು ಹಳಿಯ ದೂರದ ತುದಿಯಲ್ಲಿ ಮಾತ್ರ ಏಕೆ ನಿಧಾನವಾಗುತ್ತದೆ?

ವಿದ್ಯುತ್ ಸಂಪರ್ಕ ಕೊಟ್ಟ ಜಾಗದಿಂದ ದೂರ ಹೋದಂತೆ ಹಳಿಯಲ್ಲಿ ವೋಲ್ಟೇಜ್ ಕುಸಿಯುವುದೇ ಇದಕ್ಕೆ ಸಾಮಾನ್ಯ ಕಾರಣ. ಸಂಪರ್ಕದ ಬಳಿ ಚೆನ್ನಾಗಿ ಓಡುವ ಎಂಜಿನ್ನಿನ ಮೋಟಾರನ್ನು ಬಿಚ್ಚಿ ನೋಡುವ ಅಗತ್ಯವಿಲ್ಲ.

ಇಂದಿನ ಎಚ್‌ಒ ಹಳಿಗಳು (1:87 ಪ್ರಮಾಣದವು) ಬಹುಮಟ್ಟಿಗೆ ನಿಕಲ್ ಸಿಲ್ವರ್ ಎಂಬ ಮಿಶ್ರಲೋಹದವು. ತಾಮ್ರ, ನಿಕಲ್, ಸತು ಸೇರಿದ ಈ ಲೋಹ ವಿದ್ಯುತ್ತಿಗೆ ಒಡ್ಡುವ ತಡೆ ತಾಮ್ರಕ್ಕಿಂತ 10 ಪಟ್ಟಿಗೂ ಹೆಚ್ಚು. ಆದರೂ ನಿಜವಾದ ತೊಂದರೆ ಹಳಿತುಂಡುಗಳನ್ನು ಸೇರಿಸುವ ಜಾಯಿನರ್‌ಗಳದ್ದು. ಅವು ಕಾಲಕ್ರಮೇಣ ಸಡಿಲಗೊಂಡು, ಒಳಗೆ ಆಕ್ಸೈಡ್ ಪದರ ಕಟ್ಟಿಕೊಂಡು, ಒಂದೊಂದೂ ಸ್ವಲ್ಪ ಸ್ವಲ್ಪ ವೋಲ್ಟೇಜನ್ನು ನುಂಗುತ್ತವೆ.

ಖಾಲಿ ಹಳಿಗೆ ಮಲ್ಟಿಮೀಟರ್ ಹಿಡಿದರೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಅಂಕಿ ಕಂಡು ದಾರಿ ತಪ್ಪುವ ಸಂಭವವಿದೆ, ಏಕೆಂದರೆ ಇಂತಹ ತಡೆಯಲ್ಲಿ ವೋಲ್ಟೇಜ್ ಕುಸಿಯುವುದು ವಿದ್ಯುತ್ ಹರಿಯುವಾಗ ಮಾತ್ರ. ಆದ್ದರಿಂದ ದೂರದ ತುದಿಯಲ್ಲಿ ಎಂಜಿನ್ ಓಡುತ್ತಿರುವಾಗಲೇ ಅಳೆಯಬೇಕು. ಆಗ ಯಾವ ಜಾಯಿನರ್‌ನ ಎರಡು ಬದಿಗಳ ನಡುವೆ ಗಣನೀಯ ವೋಲ್ಟೇಜ್ ಕಾಣುತ್ತದೆಯೋ ದೋಷ ಅಲ್ಲಿದೆ.

ಶಾಶ್ವತ ಪರಿಹಾರವೆಂದರೆ ಹಲಗೆಯಡಿ ದಪ್ಪ ತಾಮ್ರದ ತಂತಿಯ ಜೋಡಿಯನ್ನು ಎಳೆದು, ಒಂದೆರಡು ಮೀಟರಿಗೊಮ್ಮೆ ಅದರಿಂದ ಹಳಿಗೆ ಸಣ್ಣ ತಂತಿಗಳನ್ನು ಬೆಸೆಯುವುದು. ಎಡಹಳಿಯ ತಂತಿ, ಬಲಹಳಿಯ ತಂತಿ ಎಲ್ಲಿಯೂ ಅದಲುಬದಲಾಗದಂತೆ ಎರಡು ಬಣ್ಣಗಳನ್ನು ಬಳಸಿರಿ. ಒಂದೆಡೆ ತಪ್ಪಿದರೂ ಶಾರ್ಟ್ ಸರ್ಕ್ಯೂಟ್ ಆಗುತ್ತದೆ.